ಅಳತೆಗೆ ನಿಂತವಳು

ಪುಟ್ಟಿ ಅಮ್ಮನ ತಲೆಯ ಮೇಲಿದ್ದ ಉಣ್ಣೆ ಟೋಪಿಯನ್ನು ಎಳೆದು ತೆಗೆದಳು. ಚಿಕ್ಕಮ್ಮ ಅದನ್ನು ಅವಳ ಕೈಯಿಂದ ಕಸಿದುಕೊಂಡು ಮತ್ತೆ ಹಾಕಿದಳು. ಪುಟ್ಟಿ ಮತ್ತೆ ತೆಗೆದಳು.

"ಬಿಡು ಚಿಕ್ಕಮ್ಮ, ತಲೆ ಮೇಲೆ ಕೂರ್ತಾನೇ ಇಲ್ಲ. ಬಾಟ್ಲಿಗೆ ಮುಚ್ಚಳ ಇಟ್ಟ ಹಾಗೆ ಕಾಣ್ತಿದೆ."

"ಕೂರದಿದ್ರೆ ಏನಾಯ್ತು? ನನಗೆ ಅಂತ ಮಾಡಿಕೊಟ್ಟಿದ್ದು ಇದು. ನನಗೂ ಯಾವತ್ತೂ ಆಗ್ಲಿಲ್ಲ. ಆದ್ರೂ ಇಷ್ಟು ವರ್ಷ ಇಟ್ಕೊಂಡಿಲ್ವಾ? ಅವಳ ಕೈಯಲ್ಲಿ ಮಾಡಿದ್ದು, ಅವಳ ತಲೆ ಮೇಲಿರ್ಲಿ."

"ನೋಡಿದವ್ರು ನಗ್ತಾರೆ."

"ಸಾವಿನ ಮನೇಲಿ ಯಾರೇ ನಗ್ತಾರೆ?"

ನಗುವವರು ಯಾರಾದರೂ ಇದ್ದರೆ ಅದು ಅಮ್ಮನೇ. ಮುಂದಿನ ಕೋಣೆಯ ಮಂಚದ ಮೇಲೆ, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಈಗಷ್ಟೇ ಏನೋ ತಮಾಷೆ ಕೇಳಿ ಬಾಯಿ ಬಿಗಿಹಿಡಿದವಳ ಹಾಗೆ ಮಲಗಿದ್ದಳು. ಆ ಕೈಗಳು ಹೀಗೆ ಸುಮ್ಮನೆ ಬಿದ್ದುಕೊಂಡಿದ್ದನ್ನು ಪುಟ್ಟಿ ಹುಟ್ಟಿದಾಗಿನಿಂದ ನೋಡಿದವಳಲ್ಲ. ಬಸ್ಸಿಗೆ ಕಾಯುವಾಗ, ಹಾಲು ಕಾಯಿಸುವಾಗ, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡು ಕೂತಾಗ ಕೂಡ ಅವುಗಳಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು. ಉಣ್ಣೆಯ ಉಂಡೆ, ಇಲ್ಲವೇ ಹಳೇ ಪರದೆಯಲ್ಲಿ ಹೊಲಿದ ಚೀಲ, ಇಲ್ಲವೇ ಕ್ಯಾಲೆಂಡರಿನ ಹಾಳೆ ಸುತ್ತಿ ಮಾಡಿದ ಮಣಿ. ಯಾರದೋ ಹುಟ್ಟಿದ ದಿನ, ಯಾರಿಗೋ ಕೆಲಸ ಸಿಕ್ಕಿತು, ಯಾರೋ ಜ್ವರದಿಂದ ಎದ್ದು ಕೂತರು, ಅವಳಿಗೆ ಒಂದು ನೆಪ ಸಿಕ್ಕರೆ ಸಾಕು. "ಸುಲಭ ಕಣೆ, ಕೂತಲ್ಲೇ ಆಗುತ್ತೆ" ಎನ್ನುವಳು. ಬೀದಿಯಲ್ಲಿ ಅವಳ ಉಡುಗೊರೆ ತಲುಪದ ಮನೆಯಿರಲಿಲ್ಲ.

ಇದ್ದದ್ದು ಒಂದೇ, ಈ ಮನೆ.

ನಲವತ್ತೈದು ತುಂಬಿದರೂ ಪುಟ್ಟಿ ಎನ್ನುವ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಅಂಗಡಿಯಿಂದ ಕೊಂಡ ಕಪ್ಪು ಸ್ವೆಟರ್ ಹಾಕಿಕೊಂಡಿದ್ದಳು. ಅದರ ಎಡತೋಳು ಎಂದಿನಂತೆ ಬೆರಳುಗಳ ಮೇಲೆ ಜಾರಿ ಬಂದಿತ್ತು. ಅದನ್ನು ಮೇಲಕ್ಕೆ ಮಡಚಿಕೊಂಡು ಬಾಗಿಲು ತೆರೆಯಲು ಹೋದಳು.

ಬಾಗಿಲಲ್ಲಿ ಪೋಸ್ಟಣ್ಣ ನಿಂತಿದ್ದ. ಇನ್ನೇನು ರಿಟೈರ್ ಆಗಲಿರುವ, ಹೊಟ್ಟೆ ಮುಂದೆ ಬಂದ ಪೋಸ್ಟ್‌ಮ್ಯಾನ್. ಅವನ ಮೈಮೇಲೆ ಶಾಲೆಯ ಹುಡುಗಿಗೆ ಆಗುವಂಥ ಒಂದು ನೀಲಿ ಸ್ವೆಟರ್ ಸಿಕ್ಕಿಹಾಕಿಕೊಂಡಿತ್ತು. ಗುಂಡಿ ಒಂದೂ ಹಾಕಿರಲಿಲ್ಲ, ಹಾಕುವಂತೆಯೂ ಇರಲಿಲ್ಲ. ಅವನ ಹಿಂದೆ ಎದುರುಮನೆಯ ನರ್ಸಕ್ಕ, ಹಸಿರು ಸ್ವೆಟರಿನಲ್ಲಿ, ಉಸಿರು ಹಿಡಿದುಕೊಂಡು. ಅವಳ ಹಿಂದೆ ಬೇಕರಿಯವನು, ಮರೂನ್ ಬಣ್ಣದ್ದರಲ್ಲಿ. ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಮೇಲೆ, ಕರೆಂಟಿನ ಕೆಲಸ ಮಾಡುವ ಏಣಿಯಣ್ಣ. ಉದ್ದಕ್ಕೆ ಬಿದ್ದ ಹೆಸರು ಅದು. ಅವನ ಹಳದಿ ಸ್ವೆಟರು ಸೊಂಟಕ್ಕೂ ಬಂದಿರಲಿಲ್ಲ.

ಪುಟ್ಟಿ ಬಾಗಿಲು ಹಿಡಿದುಕೊಂಡೇ ನಿಂತಳು. ಎಲ್ಲ ಸ್ವೆಟರುಗಳ ಎದೆಯ ಮೇಲೂ ಮಡಿಕೆಯ ಗೆರೆಗಳಿದ್ದವು. ನುಸಿಗುಳಿಗೆಯ ವಾಸನೆ ಮನೆಯೊಳಗೆ ನುಗ್ಗಿತು.

"ಚಿಕ್ಕಮ್ಮ, ಏನಿದು?"

"ನಾನೇ ನಿನ್ನೆ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಅಕ್ಕ ಮಾಡಿಕೊಟ್ಟಿದ್ದನ್ನೇ ಹಾಕ್ಕೊಂಡು ಬನ್ನಿ ಅಂತ. ನೋಡು, ಎಷ್ಟು ಚೆನ್ನಾಗಿ ಕಾಣುತ್ತೆ."

"ನನಗೆ ಹೇಳ್ಲಿಲ್ಲ?"

"ನಿನಗೇನೇ ಹೇಳೋದು? ನಿನ್ನ ಹತ್ರ ರಾಶಿ ಇರುತ್ತೆ. ಹೋಗು, ಈ ಅಂಗಡಿ ಸ್ವೆಟರ್ ತೆಗೆದು ಒಂದು ಒಳ್ಳೇದು ಹಾಕ್ಕೊಂಡು ಬಾ."

"ನನ್ನ ಹತ್ರ ಒಂದೂ ಇಲ್ಲ."

"ಇವತ್ತೂ ತಮಾಷೆನಾ ನಿಂದು?"

"ತಮಾಷೆ ಅಲ್ಲ ಚಿಕ್ಕಮ್ಮ. ಅಮ್ಮ ನನಗೆ ಯಾವತ್ತೂ ಏನೂ ಮಾಡಿಕೊಟ್ಟಿಲ್ಲ."

ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನರ್ಸಕ್ಕನೂ ನೋಡಿದಳು. ಒಬ್ಬರೂ ನಂಬಿದಂತೆ ಕಾಣಲಿಲ್ಲ. ಬೆಳಗಿನ ಬಸ್ಸಿಗೆ ಬಂದಿಳಿದ ಅಣ್ಣ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಅವನ ಕುತ್ತಿಗೆಗೂ ಅಮ್ಮ ಹೆಣೆದ ಮಫ್ಲರ್ ಸುತ್ತಿತ್ತು. ಹೆತ್ತ ತಾಯಿ ಹೋದ ದಿನ, ಇಡೀ ಮನೆಯಲ್ಲಿ ಮಗಳೊಬ್ಬಳೇ ಅಂಗಡಿಯ ಮಾಲು ತೊಟ್ಟು ನಿಂತಿದ್ದಳು. ಪುಟ್ಟಿಗೆ ಮೈಯೆಲ್ಲ ಉರಿಯಿತು.

ಉರಿಯಲು ಇನ್ನೊಂದು ಕಾರಣವಿತ್ತು. ಪುಟ್ಟಿಯದು ಬೀದಿಯ ತುದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಯಾರ ಮನೆಯ ಹೊದಿಕೆ ಎಲ್ಲಿ ಹರಿದಿದೆ, ಯಾರ ಕೋಟಿನ ಜೇಬಿನಲ್ಲಿ ಏನು ಮರೆತಿರುತ್ತದೆ ಎಲ್ಲವೂ ಅವಳಿಗೆ ಗೊತ್ತು. ಇಷ್ಟು ವರ್ಷಗಳಲ್ಲಿ ಅಮ್ಮ ಹೆಣೆದ ಒಂದೇ ಒಂದು ಸ್ವೆಟರೂ ಒಗೆಯಲು ಬಂದಿರಲಿಲ್ಲ. ಯಾರೂ ಹಾಕುತ್ತಿರಲಿಲ್ಲ, ಅಷ್ಟೇ ವಿಷಯ. ಅಮ್ಮ ಮಾತ್ರ ಚಳಿ ಶುರುವಾಯಿತೆಂದರೆ ಕೇಳುವಳು, "ಪೋಸ್ಟಣ್ಣನ ಸ್ವೆಟರ್ ಒಗೆಯೋಕೆ ಬಂದಿತ್ತೇನೆ?"

"ಹೂಂ, ಬಂದಿತ್ತು."

"ತುಂಬ ಹಾಕಿದಾನಾ?"

"ಮೊಣಕೈ ಹತ್ರ ಸವೆದೇ ಹೋಗಿದೆ."

ಅಮ್ಮನ ಮುಖ ಅರಳುವುದು. ಒಂದು ಚಳಿಗಾಲವೂ ತಪ್ಪದೆ ಪುಟ್ಟಿ ಸುಳ್ಳು ಹೇಳಿದ್ದಳು. ಆ ಜನವೇ ಈಗ ಪೆಟ್ಟಿಗೆಯ ಅಡಿಯಿಂದ ಕೊಡವಿ ತೆಗೆದದ್ದನ್ನು ಹಾಕಿಕೊಂಡು, ದಿನವೂ ಇದರಲ್ಲೇ ಓಡಾಡುತ್ತಿದ್ದವರ ಹಾಗೆ ಮುಖ ಮಾಡಿಕೊಂಡು ಬಂದು ಕೂತಿದ್ದರು.

*

ಚಿಕ್ಕಂದಿನಲ್ಲಿ, ಸ್ಟೂಲಿನ ಮೇಲೆ ನಿಂತರೆ ಪುಟ್ಟಿಯ ಭುಜ ಅಮ್ಮನ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು.

"ಕೈ ಚಾಚು. ಅಲ್ಲಾಡಬೇಡ."

ಅಮ್ಮನ ಹತ್ತಿರ ಅಳತೆಯ ಟೇಪು ಇರಲಿಲ್ಲ. ಕೆಂಪು ಉಣ್ಣೆಯ ಒಂದು ದಾರವಿತ್ತು. ಅದನ್ನು ಭುಜದಿಂದ ಮಣಿಕಟ್ಟಿನವರೆಗೆ ಹಿಡಿದು, ಅಲ್ಲೊಂದು ಗಂಟು ಹಾಕಿ, ಎದೆಯ ಸುತ್ತ ತಂದು ಇನ್ನೊಂದು ಗಂಟು ಹಾಕುವಳು.

"ನನಗಾ ಅಮ್ಮ?"

"ಅಲ್ಲ ಕಣೆ. ಹೊಸದಾಗಿ ಪೋಸ್ಟ್‌ಮ್ಯಾನ್ ಬಂದಿದಾನಲ್ಲ, ಅವನಿಗೆ. ಪಾಪ, ಮಳೇಲೂ ನೆನ್ಕೊಂಡೇ ಬರ್ತಾನೆ."

"ಅವ್ರ ಅಳತೆ ಅವ್ರನ್ನೇ ಕೇಳು."

"ಕೇಳಿದ್ರೆ ಗುಟ್ಟು ರಟ್ಟಾಗಲ್ವಾ? ಅಳತೆ ಕೇಳಿ ಮಾಡಿಕೊಟ್ರೆ ಅದು ದರ್ಜಿ ಕೆಲಸ. ನೀನು ನಿಂತ್ಕೋ ಸಾಕು, ಮಿಕ್ಕಿದ್ದನ್ನ ನಾನು ಅಂದಾಜು ಮಾಡ್ಕೊಳ್ತೀನಿ."

ಇದು ಅಮ್ಮನ ಕಟ್ಟುನಿಟ್ಟು. ಯಾರಿಗೆ ಮಾಡಿದರೂ ಅವರಿಗೆ ಮೊದಲೇ ಗೊತ್ತಾಗಬಾರದು. ಹಾಗಾಗಿ ಊರಿಗೆಲ್ಲ ಪುಟ್ಟಿಯೇ ನಿಲ್ಲಬೇಕು. ಹೊರಗೆ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರೆ ಇವಳು ಎರಡೂ ಕೈ ಚಾಚಿಕೊಂಡು ಸ್ಟೂಲಿನ ಮೇಲೆ. ಕಂಕುಳಲ್ಲಿ ದಾರ ಕಚಗುಳಿ ಇಡುತ್ತಿತ್ತು, ನಕ್ಕರೆ ಬೈಗುಳ.

"ನಂದು ಯಾವಾಗ?"

"ನಿಂದು ಇದಾದ್ಮೇಲೆ. ನೀನು ಮನೆಯವಳಲ್ವಾ, ನಿನಗೇನು ಅವಸರ?"

ಅದೇ ವರ್ಷ ಪುಟ್ಟಿ ಹಿತ್ತಿಲ ಗೋಡೆ ಹತ್ತಿ ಬಿದ್ದಳು. ಎಡಗೈ ಮುರಿಯಿತು. ಪ್ಲಾಸ್ಟರ್ ತೆಗೆದಾಗ ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಏನೂ ತೊಂದರೆಯಿಲ್ಲ, ಮೂರು ಬೆರಳಿನಷ್ಟು ಗಿಡ್ಡ ಅಷ್ಟೇ ಎಂದರು ಡಾಕ್ಟರು. ಅಮ್ಮ ಮನೆಗೆ ಬಂದವಳೇ ಕೆಂಪು ದಾರ ತೆಗೆದು ಬಲಗೈ ಅಳೆದಳು, ಎಡಗೈ ಅಳೆದಳು, ಮತ್ತೆ ಬಲಗೈ ಅಳೆದಳು. "ಸರಿಯಾಗೇ ಇದೆ" ಎಂದು ತನಗೆ ತಾನೇ ಹೇಳಿಕೊಂಡು ಅಡುಗೆಮನೆಗೆ ಹೋದಳು. ಅಂದು ಸಾಂಬಾರಿಗೆ ಉಪ್ಪು ಬಿದ್ದಿರಲಿಲ್ಲ.

ಅದಕ್ಕೆ ಮೊದಲು ಅಮ್ಮ ಒಂದೇ ಕೈ ಅಳೆಯುತ್ತಿದ್ದಳು. ಆಮೇಲೆ ಯಾವಾಗಲೂ ಎರಡೂ ಕೈ. ಪುಟ್ಟಿಯ ಪಾಲಿಗೆ ಅದರಿಂದ ಆದದ್ದು ಇಷ್ಟೇ, ಸ್ಟೂಲಿನ ಮೇಲೆ ನಿಲ್ಲುವ ಹೊತ್ತು ಎರಡರಷ್ಟಾಯಿತು.

*

ಒಂದಾದರೂ ಸಿಗಲೇಬೇಕು ಎಂದುಕೊಂಡಳು ಪುಟ್ಟಿ. ಅಮ್ಮನ ಕಪಾಟಿನಲ್ಲಿ ಮುಗಿಸಿಟ್ಟ ಸಾಮಾನು ಯಾವಾಗಲೂ ಇರುತ್ತಿತ್ತು. ಕನ್ನಡಕದ ಚೀಲ, ಬೀಗದಕೈಗೆ ಕಟ್ಟುವ ಉಣ್ಣೆಯ ಗೊಂಡೆ, ಕಾಗದದ ಮಣಿಸರ. ಅಳತೆಯೇ ಬೇಡದ ಪುಟ್ಟ ವಸ್ತುಗಳು. ಒಂದು ಮಣಿಸರ ಕೊರಳಿಗೆ ಹಾಕಿಕೊಂಡರೂ ಸಾಕು, ಅಮ್ಮನ ಮಗಳು ಎಂದು ಕಾಣಬಹುದು.

ಒಳಕೋಣೆಗೆ ಹೊರಟರೆ ಅಣ್ಣ ಕರೆದ. "ಪುಟ್ಟಿ, ಕುರ್ಚಿ ಸಾಲ್ತಾ ಇಲ್ಲ." ಕುರ್ಚಿ ತರಿಸಿ ಮತ್ತೆ ಹೊರಟರೆ ಹೆಣದ ಗಾಡಿಯ ಡ್ರೈವರ್ ದಾರಿ ತಪ್ಪಿ ಫೋನ್ ಮಾಡಿದ. ಅವನಿಗೆ ದಾರಿ ಹೇಳುತ್ತಿರುವಾಗ ನರ್ಸಕ್ಕ ಬಂದು ಚಹಾಕ್ಕೆ ಸಕ್ಕರೆ ಎಲ್ಲಿ ಎಂದಳು. ಸಕ್ಕರೆ ಕೊಟ್ಟರೆ ಚಹಾಪುಡಿ ಎಲ್ಲಿ ಎಂದಳು. ಅಣ್ಣ ಕೂತಲ್ಲಿಂದ ಎದ್ದಿರಲಿಲ್ಲ. ಅಳುವ ಕೆಲಸ ಅವನದು, ಮಿಕ್ಕ ಕೆಲಸ ಪುಟ್ಟಿಯದು ಎಂದು ಯಾರೋ ಹಂಚಿಕೊಟ್ಟ ಹಾಗಿತ್ತು. ಪುಟ್ಟಿಗೆ ಅಳುವುದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ. ಜಾರಿದ ಎಡತೋಳು ಚಹಾದಲ್ಲಿ ಅದ್ದಿ ಒದ್ದೆಯಾಯಿತು. ಮತ್ತೆ ಮಡಚಿಕೊಂಡಳು.

ಕೊನೆಗೂ ಕಪಾಟಿನ ಬಾಗಿಲು ತೆರೆದಾಗ ಒಳಗೆ ಒಂದು ಗುಂಡಿಯ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ.

"ಚಿಕ್ಕಮ್ಮ, ಇಲ್ಲಿದ್ದಿದ್ದೆಲ್ಲ ಎಲ್ಲಿ?"

"ಬಂದವ್ರ ಕೈಗೆ ಒಂದೊಂದು ಕೊಟ್ಟೆ. ಅಕ್ಕ ಇದ್ದಿದ್ರೆ ಯಾರನ್ನಾದ್ರೂ ಬರಿಗೈಲಿ ಕಳಿಸ್ತಿದ್ಲಾ?"

"ನನಗೊಂದು ಇಡಬಾರ್ದಿತ್ತಾ?"

"ನೀನು ಮನೆಯವಳಲ್ವೇನೇ?"

ಪುಟ್ಟಿ ಹಲ್ಲು ಕಚ್ಚಿಕೊಂಡು ನಿಂತಳು. ಅದೇ ಮಾತು, ಅದೇ ರಾಗ. ಅಕ್ಕ ಹೋದ ಮೇಲೆ ತಂಗಿಯ ಬಾಯಲ್ಲಿ ಬಂದು ಕೂತಿತ್ತು. ಮನೆಯವಳಾಗಿ ಹುಟ್ಟಿದ್ದೇ ತಪ್ಪಾಯಿತೇನೋ. ಎದುರುಮನೆಯಲ್ಲಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಕಪಾಟಿನ ತುಂಬ ಇರುತ್ತಿತ್ತು.

ಅಷ್ಟರಲ್ಲಿ ಒಳಕೋಣೆಯ ಮಂಚದ ಕೆಳಗಿನ ಬುಟ್ಟಿ ಕಣ್ಣಿಗೆ ಬಿತ್ತು. ಬಗ್ಗಿ ಎಳೆದಳು. ಅದರಲ್ಲಿ ಬೂದು ಬಣ್ಣದ ಅರ್ಧ ಸ್ವೆಟರ್ ಇತ್ತು. ಮೈ ಮುಗಿದಿತ್ತು, ಬಲತೋಳು ಮುಗಿದಿತ್ತು. ಎಡತೋಳಿನ ಜಾಗದಲ್ಲಿ ಎರಡು ಕಡ್ಡಿಗಳು ಚುಚ್ಚಿಕೊಂಡು ಹಾಗೇ ನಿಂತಿದ್ದವು. ಅಮ್ಮನ ಕೈ ಕೊನೆಗೆ ಮುಟ್ಟಿದ್ದು ಇದನ್ನೇ. ಪುಟ್ಟಿ ಅದನ್ನು ಎದೆಗೆ ಅವುಚಿಕೊಂಡಳು.

"ಅದು ಡಾಕ್ಟರಿಗೆ ಕಣೆ" ಎಂದಳು ಚಿಕ್ಕಮ್ಮ ಹಿಂದಿನಿಂದ. "ನನ್ನ ಹತ್ರ ಹೇಳಿದ್ಲು. ತೋಳೇ ಆಗಿಲ್ಲ, ಇನ್ನು ಯಾರಿಗೆ ಕೊಡೋದು? ಕೊಡಿಲ್ಲಿ. ಅಕ್ಕನ ಜೊತೆಗೇ ಇಡೋಣ. ಅಲ್ಲಿ ಕೂತ್ಕೊಂಡು ಮುಗಿಸ್ಲಿ."

ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆ ತಂದಿಟ್ಟು ಅಮ್ಮನನ್ನು ಅದರಲ್ಲಿ ಮಲಗಿಸಿದ್ದರು. ಚಿಕ್ಕಮ್ಮ ಅದೇ ಮಾತನ್ನು ಎಲ್ಲರ ಮುಂದೆ ಮತ್ತೊಮ್ಮೆ ಹೇಳಿದಳು. ನರ್ಸಕ್ಕ ಬಿಕ್ಕಿದಳು, ಪೋಸ್ಟಣ್ಣ ಕಣ್ಣೊರೆಸಿಕೊಂಡ. ಬೂದು ಸ್ವೆಟರು ಅಮ್ಮನ ಕೈಗಳ ಪಕ್ಕದಲ್ಲಿ ಹೋಗಿ ಕೂತಿತು.

"ಇಡಬೇಡ ಚಿಕ್ಕಮ್ಮ" ಎಂದಳು ಪುಟ್ಟಿ. "ನನಗೆ ಬೇಕು ಅದು."

ಎಲ್ಲರೂ ತಿರುಗಿದರು.

"ಒಂದು ತೋಳಿನ ಸ್ವೆಟರ್ ಇಟ್ಕೊಂಡು ಏನೇ ಮಾಡ್ತೀಯ?"

"ಏನಾದ್ರೂ ಮಾಡ್ತೀನಿ. ಸುಮ್ನೆ ಇಟ್ಕೊಳ್ತೀನಿ. ನೀವೆಲ್ಲ ಇಷ್ಟು ವರ್ಷ ಸುಮ್ನೆ ಇಟ್ಕೊಂಡಿರ್ಲಿಲ್ವಾ?"

ಅಣ್ಣ ಈಗ ಎದ್ದ. ಬೆಳಗಿನಿಂದ ಏಳದವನು ಇದಕ್ಕೆ ಎದ್ದ. "ಪುಟ್ಟಿ, ಸ್ವಲ್ಪ ಮರ್ಯಾದೆ ಇಟ್ಕೋ. ಹೆಣದ ಮುಂದೆ ಸ್ವೆಟರ್‌ಗೆ ಜಗಳ ಆಡ್ತೀಯಲ್ಲ."

ಎಲ್ಲರ ಕಣ್ಣೂ ತನ್ನ ಮೇಲಿರುವುದು ಪುಟ್ಟಿಗೆ ತಿಳಿಯಿತು. ಕೈ ಮುಂದೆ ಚಾಚಿಕೊಂಡು ನಿಂತಿದ್ದಳು, ಸ್ಟೂಲಿನ ಮೇಲೆ ನಿಲ್ಲುತ್ತಿದ್ದ ಹಾಗೆಯೇ. ನಾಚಿಕೆಯಿಂದ ಮುಖ ಕೆಂಪಾಯಿತು. ಕೈ ಕೆಳಗಿಳಿಸಿದಳು. ಪೆಟ್ಟಿಗೆಯ ಮುಚ್ಚಳ ಹಾಕಿದರು.

*

ಹೋದ ಚಳಿಗಾಲದಲ್ಲಿ ಒಮ್ಮೆ ನೇರವಾಗಿ ಕೇಳಿಯೇಬಿಟ್ಟಿದ್ದಳು.

ಅಂಗಡಿ ಮುಚ್ಚಿ, ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ಅಮ್ಮ ಅಡುಗೆಮನೆಯಲ್ಲಿ ಕೆಂಪು ದಾರ ಹಿಡಿದು ಕಾಯುತ್ತಿದ್ದಳು.

"ಬಾ, ನಿಂತ್ಕೋ."

"ಈಗ ಯಾರಿಗೆ?"

"ಏಣಿಯಣ್ಣನಿಗೆ. ಮೀಟರ್ ಬೋರ್ಡ್ ಸರಿ ಮಾಡಿಕೊಟ್ಟು ಒಂದು ಲೋಟ ಚಹಾನೂ ಕುಡೀದೆ ಹೋದ ಕಣೆ."

"ಅಮ್ಮ, ಅವನ ಸೊಂಟಕ್ಕೆ ಬರ್ತೀನಿ ನಾನು. ನನ್ನ ಅಳತೆ ತಗೊಂಡು ಅವನಿಗೆ ಹೇಗೆ ಮಾಡ್ತೀಯ?"

"ಅಂದಾಜು ಮಾಡ್ತೀನಿ. ಏನ್ ಮಹಾ ಕೆಲಸ? ಸುಲಭ."

ಪುಟ್ಟಿಗೆ ತಲೆ ಕೆಟ್ಟಿತು. "ಅಷ್ಟು ಸುಲಭ ಇದ್ರೆ ನನಗೊಂದು ಯಾಕೆ ಮಾಡ್ಲಿಲ್ಲ? ಇಷ್ಟು ವರ್ಷದಲ್ಲಿ ಒಂದು? ಎಲ್ಲ ಸ್ವೆಟರಿಂದೂ ಎಡತೋಳು ಮಡಚ್ಕೊಂಡು ಓಡಾಡ್ತೀನಿ, ಕಣ್ಣಿಗೆ ಕಾಣಲ್ವಾ ನಿನಗೆ?"

"ಕೊಡು ಅಂದೆನಲ್ಲ, ಚಿಕ್ಕದು ಮಾಡಿ ಕೊಡ್ತೀನಿ ಅಂತ."

"ಅಂಗಡೀದನ್ನ ಕತ್ತರಿಸಿ ಕೊಡೋದು ಬೇಡ. ನೀನೇ ಮಾಡಿದ್ದು ಬೇಕು."

ಅಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ನೀನು ದಿನಾ ಕಣ್ಮುಂದೆ ಇರ್ತೀಯಲ್ಲೇ. ಕಣ್ಮುಂದೆ ಇರೋರಿಗೆ ಯಾರಾದ್ರೂ ಉಡುಗೊರೆ ಕೊಡ್ತಾರಾ?"

"ಇದೊಂದು ಉತ್ತರಾನಾ?"

"ನೀನಿಲ್ದೆ ನಾನು ಒಂದಾದ್ರೂ ಮಾಡಿದೀನಾ ಹೇಳು? ಸರಿ ಸರಿ, ಮುಖ ಗಂಟು ಹಾಕ್ಕೋಬೇಡ. ಇದಾದ್ಮೇಲೆ ನಿಂದೇ. ಈಗ ಎಡಗೈ ಚಾಚು."

ಪುಟ್ಟಿ ಸಿಟ್ಟಿನಲ್ಲೇ ಎಡಗೈ ಚಾಚಿದಳು. ಅಮ್ಮನ ಬೆರಳುಗಳು ಭುಜದಿಂದ ಇಳಿದು, ಕೈ ಸೊಟ್ಟಗಿದ್ದ ಕಡೆ ಒಂದು ಕ್ಷಣ ನಿಂತು, ಮಣಿಕಟ್ಟಿಗೆ ಬಂದು ಗಂಟು ಹಾಕಿದವು.

*

ರಾತ್ರಿಯೆಲ್ಲ ಮಳೆಯಾಗಿತ್ತು. ಸ್ಮಶಾನದ ಗೇಟಿನಿಂದ ಒಳಗೆ ಹೋಗುವ ದಾರಿಯಲ್ಲಿ ಗಾಡಿಯ ಹಿಂದಿನ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಡ್ರೈವರ್ ಗೇರು ಬದಲಾಯಿಸಿದಷ್ಟೂ ಚಕ್ರ ಆಳಕ್ಕೆ ಹೋಯಿತು.

"ತಳ್ಳಬೇಕು" ಎಂದ ಏಣಿಯಣ್ಣ.

ಎಲ್ಲರೂ ಹೆಗಲು ಕೊಟ್ಟರು. ಚಿಕ್ಕಮ್ಮ ಕೂಡ, ಅಮ್ಮನಿಗೆ ಹಾಕಬೇಕೆಂದಿದ್ದ ಟೋಪಿಯನ್ನು ತನ್ನ ತಲೆಯ ತುದಿಗೆ ಸಿಕ್ಕಿಸಿಕೊಂಡು, ನಡುವೆ ನಿಂತು ತಳ್ಳಿದಳು. ಒಂದು, ಎರಡು, ಹೂಂ. ಗಾಡಿ ಎಗರಿ ಮುಂದೆ ಹೋಯಿತು. ಚಕ್ರದ ಅಡಿಯಿಂದ ಎದ್ದ ಕೆಸರು ನೀಲಿ, ಹಸಿರು, ಮರೂನ್, ಹಳದಿ ಯಾವುದನ್ನೂ ಬಿಡದೆ ಎದೆಯವರೆಗೆ ರಾಚಿತು. ಚಿಕ್ಕಮ್ಮನ ಟೋಪಿ ಹಾರಿ ಕೆಸರಿನ ಗುಂಡಿಗೆ ಬಿತ್ತು.

ಕಪ್ಪು ಸ್ವೆಟರಿನ ಪುಟ್ಟಿ ಪಕ್ಕದಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕೆಸರಿಗೂ ತಾನು ಬೇಡವಾದೆನೇ ಎನಿಸಿತು.

ಮಣ್ಣು ಮಾಡಿ ಬಂದು ಮನೆಯ ಮುಂದಿನ ಜಗಲಿಯಲ್ಲಿ ಎಲ್ಲರೂ ಕೈಕಾಲು ತೊಳೆದುಕೊಂಡು ಕೂತರು. ಮೈ ಹಗುರಾದ ಮೇಲೆ ಬಾಯಿಯೂ ಹಗುರಾಗುತ್ತದಲ್ಲ, ಮಾತು ಶುರುವಾಯಿತು.

"ನಿಜ ಹೇಳ್ಲಾ?" ಎಂದ ಪೋಸ್ಟಣ್ಣ. "ಇದನ್ನ ಹಾಕಿದ್ದು ಇವತ್ತು ಎರಡನೇ ಸಲ. ಕೊಟ್ಟ ದಿನ ಒಂದ್ಸಲ ಹಾಕ್ಕೊಂಡೆ, ತೆಗೆಯೋಕೆ ನನ್ನ ಹೆಂಡ್ತಿ ಕಾಲು ಕೊಟ್ಟು ಎಳೀಬೇಕಾಯ್ತು."

ನರ್ಸಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಂದೂ ಅದೇ ಕಥೆ. ಅದು ಬಿಡಿ, ಈ ಎಡತೋಳು ನೋಡಿ. ಬಲಗಡೆ ಇಲ್ಲಿವರೆಗೆ ಬರುತ್ತೆ, ಎಡಗಡೆ ಇಲ್ಲೇ ನಿಂತ್ಬಿಡುತ್ತೆ."

"ಅಯ್ಯೋ, ನಿಮ್ಮದೂ ಹಾಗೇನಾ?" ಎಂದ ಬೇಕರಿಯವನು ತನ್ನ ಕೈ ಚಾಚಿ. "ನಾನು ನನ್ನದೊಂದೇ ಹಾಗೆ ಅಂದ್ಕೊಂಡಿದ್ದೆ."

"ವಯಸ್ಸಾದ್ಮೇಲೆ ಒಂದು ಕಣ್ಣು ಮಂಜಾಗಿತ್ತೇನೋ" ಎಂದ ಏಣಿಯಣ್ಣ.

"ಮಂಜೂ ಇಲ್ಲ, ಏನೂ ಇಲ್ಲ. ನಾನೇ ಎಷ್ಟು ಸಲ ಹೇಳಿದೆ" ಎಂದಳು ಚಿಕ್ಕಮ್ಮ. "ಅಕ್ಕ, ಎಡತೋಳು ಗಿಡ್ಡ ಆಗಿದೆ, ಬಿಚ್ಚಿ ಹಾಕು ಅಂತ. ಕೇಳಿದ್ರೆ ತಾನೇ? ಅಳತೆ ನೋಡೇ ಮಾಡಿದ್ದು, ಸರಿಯಾಗೇ ಇದೆ ಅಂತ ನನಗೇ ಬಯ್ತಿದ್ಲು."

ಜಗಲಿಯ ತುಂಬ ನಗು ಎದ್ದಿತು. ಕೆಟ್ಟ ನಗುವೇನಲ್ಲ. ಆದರೂ ಪುಟ್ಟಿಯ ತಲೆಯೊಳಗೆ ಅದು ಮೊಳೆ ಹೊಡೆದ ಹಾಗಾಯಿತು. ಕೈಯಲ್ಲಿದ್ದ ಲೋಟಗಳ ತಟ್ಟೆಯನ್ನು ನೆಲಕ್ಕೆ ಇಟ್ಟಳು.

"ಆಗದಿದ್ರೆ ವಾಪಸ್ ಕೊಡಬಹುದಿತ್ತಲ್ಲ."

ನಗು ನಿಂತಿತು.

"ಒಬ್ಬರಾದ್ರೂ ಕೊಟ್ಟಿದ್ರೆ ನಾನು ಹಾಕ್ಕೊಳ್ತಿದ್ದೆ. ಕಣ್ಣು ಮಂಜಾಗಿತ್ತಂತೆ. ಬೆರಳು ಬಾತುಕೊಂಡಿದ್ರೂ ನಿಮಗೆಲ್ಲ ಕೂತು ಹೆಣೆದಿದ್ದು ಅವಳು. ನೀವು ನುಸಿಗುಳಿಗೆ ಹಾಕಿ ಮುಚ್ಚಿಟ್ರಿ. ನಾನು ಪ್ರತಿ ಚಳಿಗಾಲ ನಿಮ್ಮ ಪರವಾಗಿ ಸುಳ್ಳು ಹೇಳ್ದೆ."

ಪೋಸ್ಟಣ್ಣ ಕೆಸರು ಮೆತ್ತಿದ ಸ್ವೆಟರಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದ.

ಆಗ ಅಣ್ಣ ಎದ್ದು ಎಲ್ಲವನ್ನೂ ಸರಿ ಮಾಡಲು ಹೊರಟ. ಅವನು ಸರಿ ಮಾಡಲು ಹೊರಟಾಗಲೆಲ್ಲ ಕೆಲಸ ಬೀಳುವುದು ಪುಟ್ಟಿಯ ತಲೆಗೇ. "ಬೇಜಾರು ಮಾಡ್ಕೋಬೇಡಿ, ಅವಳಿಗೆ ದುಃಖ ಜಾಸ್ತಿ ಆಗಿದೆ. ಕೆಸರಾಗಿದೆಯಲ್ಲ, ಕೊಡಿ ಎಲ್ಲ ತೆಗೆದು. ಪುಟ್ಟಿ ಒಗೆದು ಕೊಡ್ತಾಳೆ. ಅವಳದೇ ಅಂಗಡಿ ಇದೆಯಲ್ಲ."

"ಅಣ್ಣ, ಇವತ್ತಾ?"

"ಉಲ್ಲನ್‌ಗೆ ಕೆಸರು ಒಣಗಿದ್ರೆ ಹೋಗಲ್ಲ ಅಂತ ನೀನೇ ಹೇಳ್ತಿರ್ತೀಯ."

ಬೇಡ ಎನ್ನಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಒಬ್ಬೊಬ್ಬರೇ ಕಳಚಿದರು. ಪೋಸ್ಟಣ್ಣನದನ್ನು ಎಳೆಯಲು ಬೇಕರಿಯವನೂ ಏಣಿಯಣ್ಣನೂ ಸೇರಬೇಕಾಯಿತು. ಚಿಕ್ಕಮ್ಮ ಟೋಪಿಯನ್ನು ಮೇಲಿಟ್ಟಳು. ಅಮ್ಮನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಪುಟ್ಟಿ ಊರವರ ಕೊಳೆ ಬಟ್ಟೆಯ ಗಂಟು ಹೊತ್ತುಕೊಂಡು ಬೀದಿಯ ತುದಿಗೆ ನಡೆದಳು. ಎಡತೋಳು ಜಾರಿ ಗಂಟಿನ ಅಡಿಗೆ ಸಿಕ್ಕಿಕೊಂಡಿತು. ಮಡಚಿಕೊಳ್ಳಲು ಕೈ ಖಾಲಿ ಇರಲಿಲ್ಲ.

*

ಅಂಗಡಿಯ ಬಾಗಿಲು ಅರ್ಧ ಎಳೆದು, ಹಿಂದಿನ ಕೋಣೆಯ ದೀಪ ಹಾಕಿದಳು. ಇಂಥವನ್ನು ಮೆಷಿನ್ನಿಗೆ ಹಾಕುವಂತಿಲ್ಲ, ಕೈಯಲ್ಲೇ ಒಗೆಯಬೇಕು. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಬಿಟ್ಟಳು. ಕಪ್ಪು ಸ್ವೆಟರ್ ಕಳಚಿ ಮೊಳೆಗೆ ತೂಗುಹಾಕಿ, ಕೂತು, ಒಂದೊಂದನ್ನೇ ಅದ್ದಿದಳು.

"ದರಿದ್ರ" ಎಂದಳು ನೀಲಿ ಸ್ವೆಟರಿಗೆ. "ನಿನಗೆ ಇವತ್ತೇ ಬರಬೇಕಿತ್ತಾ?"

ಅಂದವಳ ಕೈ ನೀರಿನಲ್ಲೇ ನಿಂತಿತು. ಪೋಸ್ಟಣ್ಣನ ಸ್ವೆಟರ್ ಒಗೆಯಲು ಬಂದಿತ್ತು. ಬಂತು ಅಮ್ಮ, ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಬೆಳಗಿನಿಂದ ತಡೆದದ್ದೆಲ್ಲ ಆಗ ಒಡೆಯಿತು. ಮೂಗು, ಕಣ್ಣು, ಸಾಬೂನಿನ ನೀರು ಎಲ್ಲ ಒಂದಾಗಿ, ಅತ್ತುಕೊಂಡೇ ತಿಕ್ಕಿದಳು. ಸಿಟ್ಟಿನಿಂದಲೇ ತಿಕ್ಕಿದಳು. ಕೆಸರು ಬಿಟ್ಟಿತು.

ಹಿಂಡದೆ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ಹಗ್ಗದ ಹತ್ತಿರ ತಂದಳು. ಅಂಗಡಿಯಲ್ಲಿ ಒಂದು ರೂಢಿಯಿತ್ತು. ಚಿಕ್ಕ ಬಟ್ಟೆ ಬಾಗಿಲ ಕಡೆ, ದೊಡ್ಡದು ಗೋಡೆಯ ಕಡೆ. ಕೈ ತಾನಾಗಿ ಹಾಗೆಯೇ ಮಾಡಿತು. ಮೊದಲು ಚಿಕ್ಕಮ್ಮನ ಟೋಪಿ. ಆಮೇಲೆ ಪೋಸ್ಟಣ್ಣನ ನೀಲಿ. ನರ್ಸಕ್ಕನ ಹಸಿರು. ಬೇಕರಿಯವನ ಮರೂನ್. ಕೊನೆಗೆ ಏಣಿಯಣ್ಣನ ಹಳದಿ. ಕ್ಲಿಪ್ಪು ಹಾಕಿ ಎರಡು ಹೆಜ್ಜೆ ಹಿಂದೆ ಸರಿದು, ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದಳು.

ಐದೂ ಸಾಲಾಗಿ ತೂಗುತ್ತಿದ್ದವು. ಟೋಪಿ ಒಂದನೇ ಕ್ಲಾಸಿನ ಹುಡುಗಿಯ ತಲೆಗೆ ಆಗುವಂಥದ್ದು. ನೀಲಿ ಸ್ವೆಟರು ಗೋಡೆ ಹತ್ತುವ ವಯಸ್ಸಿನದು. ಹಸಿರಿನ ಹೊತ್ತಿಗೆ ಹುಡುಗಿಯ ಭುಜ ಅಗಲವಾಗಿತ್ತು. ಮರೂನಿನ ಹೊತ್ತಿಗೆ ಎದೆ ತುಂಬಿತ್ತು. ಹಳದಿಯಲ್ಲಿ ಸೊಂಟ ದಪ್ಪವಾಗಿತ್ತು. ನೀಲಿಯ ಎರಡೂ ತೋಳು ಸಮವಾಗಿದ್ದವು, ಮಿಕ್ಕ ಮೂರು ಸ್ವೆಟರುಗಳ ಎಡತೋಳು ಮೂರು ಬೆರಳಿನಷ್ಟು ಮೇಲೆ ನಿಂತಿತ್ತು.

ಅಂದಾಜು ಎಂದಿದ್ದಳು ಅಮ್ಮ. ಎಲ್ಲಿಯ ಅಂದಾಜು. ಇಷ್ಟು ವರ್ಷದಲ್ಲಿ ಒಂದು ಹೆಣಿಗೆಯನ್ನೂ ಅಂದಾಜು ಮಾಡಿರಲಿಲ್ಲ. ಪುಟ್ಟಿ ನೀರಿನ ಟಬ್ಬಿನ ಅಂಚಿಗೆ ಹಾಗೇ ಕುಸಿದು ಕೂತಳು. "ಎಂಥ ಹೆಂಗಸೇ ನೀನು" ಎಂದಳು ಗಟ್ಟಿಯಾಗಿ. "ನನಗೆ ಕೊಟ್ಟಿದ್ರೆ ಏನಾಗ್ತಿತ್ತು ನಿನಗೆ?" ಸಿಟ್ಟು ಹೋಗಿರಲಿಲ್ಲ. ಹೋಗುವ ಹಾಗೂ ಕಾಣಲಿಲ್ಲ.

ಫೋನ್ ಬಡಿದುಕೊಂಡಿತು. ಅಣ್ಣ.

"ಪುಟ್ಟಿ, ಏಣಿಯಣ್ಣ ಇಲ್ಲೇ ಕೂತಿದಾನೆ. ನೀನು ಬೈದಿದ್ದು ಮನಸ್ಸಿಗೆ ತಟ್ಟಿದೆ ಪಾಪ. ಇನ್ಮೇಲೆ ದಿನಾ ಹಾಕ್ಕೊಳ್ತಾನಂತೆ. ನಾಳೆ ಬೆಳಿಗ್ಗೆ ಸಿಗುತ್ತಾ ಅಂತ ಕೇಳ್ತಿದಾನೆ."

ಪುಟ್ಟಿ ಹಳದಿ ಸ್ವೆಟರನ್ನು ನೋಡಿದಳು. ಹೊಸದರ ಹಾಗೆ ಹೊಳೆಯುತ್ತಿತ್ತು.

"ಇಲ್ಲ" ಎಂದಳು. "ಕಲೆ ಹೋಗ್ತಾ ಇಲ್ಲ. ತುಂಬ ದಿನ ಹಿಡಿಯುತ್ತೆ ಅಂತ ಹೇಳು."

"ಮಿಕ್ಕಿದ್ದು?"

"ಮಿಕ್ಕಿದ್ದೂ ಅಷ್ಟೇ."

ಫೋನ್ ಇಟ್ಟು ಎದ್ದಳು. ಹಳದಿಯ ಕ್ಲಿಪ್ಪು ಬಿಚ್ಚಿದಳು. ಒದ್ದೆ ಉಣ್ಣೆ ಮೈಗೆ ತಾಗಿ ಜುಮ್ಮೆಂದಿತು. ತಲೆ ತೂರಿಸಿದಳು, ಬಲಗೈ ತೂರಿಸಿದಳು, ಎಡಗೈ ತೂರಿಸಿದಳು. ಸೊಂಟದ ಹತ್ತಿರ ಎಳೆದುಕೊಂಡಳು. ಆಮೇಲೆ ರೂಢಿಯಂತೆ ಬಲಗೈ ತಾನಾಗಿ ಎಡತೋಳಿನ ಕಡೆಗೆ ಹೋಯಿತು. ಮಡಚಲು ಅಲ್ಲಿ ಏನೂ ಇರಲಿಲ್ಲ.